ಪರಾನ್ನವಿಚಾರ

ಊಟ, ಮದುವೆ, ಪ್ರಯಾಣ ಎಂಬ ಮೂರು ವ್ಯವಹಾರಗಳಿಗೆ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣಬರುವುದಿಲ್ಲ. ಮೊದಲನೆಯದು ದಿನಕ್ಕೆ ಎರಡು ಬಾರಿ ಬರುವುದು. ಎರಡನೆಯದು ಆಯುಸ್ಸಿನಲ್ಲಿ ಒಂದು ಬಾರಿ ಬಂದರೆ ಸಾಕೆನ್ನುವವರೇ ಬಹುಮಂದಿ. ಮೂರನೆಯದು ಕೈಯಲ್ಲಿ ಹಣವೂ ಕಾಲಿನಲ್ಲಿ ಬಲವೂ ಕೂಡಿದಾಗ ಬರುವುದು. ಆದರೆ ಸ್ವಲ್ಪ ಯೋಚಿಸಿದರೆ ಈ ಮೂರಕ್ಕೂ ಸಾಮಾನ್ಯವಾದ ಒಂದು ಧರ್ಮವು ಗೋಚರವಾಗುತ್ತದೆ. ಮೂರರಲ್ಲಿಯೂ ಮನುಷ್ಯನು ತನ್ನನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಕೊಳ್ಳುತ್ತಾನೆ. ಉಣ್ಣುವವನು ಅಡುಗೆ ಮಾಡಿದವರ ಕೈಯನ್ನು ನಂಬಬೇಕು. ಮದುವೆಯಾಗುವವನು ಹಿಡಿದ ಕೈಯನ್ನು ನಂಬಬೇಕು. ಪಯಣಿಗನಾದರೋ ಹೆಸರನ್ನೂ ಭಾಷೆಯನ್ನೂ ಅರಿಯದ ನೂರು ಕೈಗಳನ್ನು ನಂಬಬೇಕು. ಹೀಗೆ ಒಪ್ಪಿಸಿಕೊಳ್ಳುವಾಗ ನಮ್ಮದೆಂದು ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಟ್ಟುಕೊಡಬೇಕು ಎಂಬುದೇ ಪ್ರಕೃತದ ಪ್ರಶ್ನೆ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಪರಾನ್ನದ ವಿಷಯದಲ್ಲಿ ಬಹು ಸೂಕ್ಷ್ಮವಾಗಿ ವಿಚಾರಿಸಿದರು. ಯಾರ ಅನ್ನವನ್ನು ಉಣ್ಣಬಹುದು, ಯಾರದನ್ನು ಉಣ್ಣಬಾರದು ಎಂಬುದಕ್ಕೆ ಧರ್ಮಶಾಸ್ತ್ರಗಳಲ್ಲಿ ದೊಡ್ಡ ಪಟ್ಟಿಗಳೇ ಇವೆ. ಅದೇ ಶಾಸ್ತ್ರಗಳು ಮನೆಗೆ ಬಂದ ಅತಿಥಿಯನ್ನು ಉಪವಾಸ ಕಳುಹಬಾರದೆಂದೂ ವಿಧಿಸುತ್ತವೆ. ಎಲ್ಲರೂ ಬಡಿಸಲು ಸಿದ್ಧರಾಗಿ ನಿಂತು, ಉಣ್ಣಲು ಯಾರೂ ಸಿದ್ಧರಾಗದಿದ್ದರೆ ಅತಿಥಿಧರ್ಮದ ಗತಿಯೇನು? ಈ ತೊಡಕು ಪುಸ್ತಕದಲ್ಲಿರುವವರೆಗೆ ಸುಖವಾದ ತೊಡಕು. ಅದು ತಟ್ಟೆಗೆ ಬಂದು ಕುಳಿತಾಗಲೇ ಅದರ ಭಾರವು ತಿಳಿಯುವುದು. ನನ್ನ ಪಾಲಿಗೆ ಅದು ಬಂದು ಕುಳಿತದ್ದು ಫ್ರಾನ್ಸ್ ದೇಶದಲ್ಲಿ, ಲಿಯೋನ್ ನಗರಕ್ಕೆ ಸಮೀಪದ ಒಂದು ಗ್ರಾಮದಲ್ಲಿ, ಬೀಗರ ಮನೆಯಲ್ಲಿ. ವ್ಯಾಸಂಗಕ್ಕೆಂದು ಹೋದ ನಮ್ಮ ಮಗಳು ಆ ದೇಶದ ಯುವಕನೊಬ್ಬನನ್ನು ವರಿಸಿದಳು. ಮದುವೆಗೆಂದು ನಾವು ದಂಪತಿಗಳು ಸಮುದ್ರವನ್ನು ದಾಟಿದೆವು. ಹೀಗೆ ಊಟ, ಮದುವೆ, ಪ್ರಯಾಣಗಳು ಮೂರೂ ಒಟ್ಟಿಗೆ ನನ್ನ ಮೇಲೆ ಬಂದವು.

ಅನ್ನವನ್ನು ಕುರಿತು ಚಿಂತಿಸಲು ಫ್ರಾನ್ಸಿಗಿಂತ ತಕ್ಕ ದೇಶವು ಸಿಕ್ಕುವುದು ಕಷ್ಟ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಫ್ರೆಂಚರ ಔತಣವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಯಾವುದೋ ಒಂದು ಭಕ್ಷ್ಯವನ್ನಲ್ಲ. ಹುಟ್ಟು, ಮದುವೆ ಮುಂತಾದ ಸಂದರ್ಭಗಳಲ್ಲಿ ನೆಂಟರಿಷ್ಟರು ಕೂಡಿ ಕುಳಿತು ಕ್ರಮವಾಗಿ ಉಣ್ಣುವ ಆಚಾರವನ್ನು. ೨೦೨೨ರಲ್ಲಿ ಅವರ ‘ಬಗೆತ್’ ಎಂಬ ಉದ್ದನೆಯ ರೊಟ್ಟಿಯನ್ನು ಮಾಡುವ ಕುಶಲತೆಯೂ ಅದೇ ಪಟ್ಟಿಗೆ ಸೇರಿತು. ಸಂಪ್ರದಾಯದ ರೊಟ್ಟಿಯೆಂದು ಹೇಳಿ ಮಾರಬೇಕಾದರೆ ಅದರ ಹಿಟ್ಟನ್ನು ಎಲ್ಲಿಯೂ ಮಂಜುಗಟ್ಟಿಸಿರಬಾರದು, ಅದಕ್ಕೆ ಕೃತಕದ್ರವ್ಯಗಳನ್ನು ಬೆರಸಿರಬಾರದು ಎಂದು ೧೯೯೩ರ ಸರ್ಕಾರಿ ಆಜ್ಞೆಯೊಂದಿದೆ. ಗೋದಿಯ ಹಿಟ್ಟು, ನೀರು, ಉಪ್ಪು, ಹುದುಗು — ಇಷ್ಟೇ ಅದರ ಮುಖ್ಯ ಸಾಮಗ್ರಿ. ನಮ್ಮ ಸೂತ್ರಕಾರರು ಹೋಮದ್ರವ್ಯಕ್ಕೆ ತೋರಿದ ಶ್ರದ್ಧೆಯನ್ನು ಒಂದು ಸರ್ಕಾರವು ರೊಟ್ಟಿಗೆ ತೋರಿಸಿದೆಯಲ್ಲಾ ಎಂದು ನಾನು ಸಂತೋಷಪಟ್ಟೆನು. ಆ ರೊಟ್ಟಿಯೇ ಹಲವು ದಿನ ನನ್ನ ಪ್ರಾಣವನ್ನು ಉಳಿಸಿತಾದ್ದರಿಂದ ಈ ಸಂತೋಷದಲ್ಲಿ ಸ್ವಲ್ಪ ಸ್ವಾರ್ಥವೂ ಬೆರೆತಿದ್ದಿತು.

ಮಡಿಯೆಂಬುದು ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿದವರು ಫ್ರೆಂಚರ ಮೇಜಿನ ಬಳಿ ಒಂದು ವಾರ ಕುಳಿತು ಬರಬೇಕು. ಅಂಗಡಿಯನ್ನು ಹೊಕ್ಕೊಡನೆ ‘ಬೋಂಜೂರ್’ ಎನ್ನದೆ ಬೆಲೆಯನ್ನು ಕೇಳಿದವನು ಕಾಲು ತೊಳೆಯದೆ ನಡುಮನೆಗೆ ಬಂದವನಿಗೆ ಸಮಾನ. ಸಣ್ಣ ಊರುಗಳ ಭೋಜನಶಾಲೆಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯೊಳಗೆ ಉಂಡರೆ ಉಂಟು. ಎರಡೂವರೆಗೆ ಹೋದವನಿಗೆ ಒಲೆ ಆರಿದೆಯೆಂಬ ಉತ್ತರವು ಬಹು ವಿನಯದಿಂದ ದೊರೆಯುತ್ತದೆ. ರೊಟ್ಟಿಯ ತುಂಡನ್ನು ತಟ್ಟೆಯಲ್ಲಿ ಇಡುವುದಿಲ್ಲ, ಮೇಜಿನ ವಸ್ತ್ರದ ಮೇಲೆಯೇ ಇಡುತ್ತಾರೆ. ಗಿಣ್ಣು ಸಿಹಿಗಿಂತ ಮುಂಚೆ ಬರಬೇಕು. ಕಾಫಿಯು ಸಿಹಿಯಾದ ಮೇಲೆ ಬರಬೇಕು, ಅದರ ಜೊತೆಗೆ ಬರಕೂಡದು. ನಮ್ಮ ಬಾಳೆಯ ಎಲೆಯನ್ನೂ ಅವರ ಮೇಜನ್ನೂ ಹೋಲಿಸಿದರೆ ಒಂದು ಸ್ವಾರಸ್ಯವಾದ ಭೇದವು ತೋರುತ್ತದೆ. ಉಪ್ಪು ಎಲ್ಲಿ, ಕೋಸುಂಬರಿ ಎಲ್ಲಿ, ಪಾಯಸ ಎಲ್ಲಿ ಎಂದು ನಾವು ಊಟವನ್ನು ದೇಶದಲ್ಲಿ ಹಂಚುತ್ತೇವೆ. ಯಾವುದರ ತರುವಾಯ ಯಾವುದು ಎಂದು ಅವರು ಅದನ್ನು ಕಾಲದಲ್ಲಿ ಹಂಚುತ್ತಾರೆ. ಒಂದು ಪದಾರ್ಥವು ಮುಗಿದು ಇನ್ನೊಂದು ಬರುವುದರೊಳಗೆ ಮಾತು ಬೆಳೆಯುತ್ತದೆ. ರಾತ್ರಿ ಎಂಟಕ್ಕೆ ಕುಳಿತವರು ಹನ್ನೊಂದಕ್ಕೂ ಏಳದಿರುವುದನ್ನು ಕಂಡು ನಮ್ಮ ಮನೆಯವರು, “ಇವರದು ಊಟ ಅಲ್ಲಾಂದ್ರೆ, ಹರಿಕಥೆ. ಮಧ್ಯೆ ಮಧ್ಯೆ ಮಂಗಳಾರತಿ ಬರತ್ತೆ” ಎಂದರು.

ಈ ಊಟವನ್ನು ಮದುವೆಯೊಡನೆ ಗಂಟುಹಾಕಿದ ಫ್ರೆಂಚ್ ಗ್ರಂಥಕಾರನೊಬ್ಬನಿದ್ದಾನೆ. ಆತನ ಹೆಸರು ಬ್ರಿಯಾ-ಸವಾರೇನ್. ೧೭೫೫ರಲ್ಲಿ ಬೆಲ್ಲೇ ಎಂಬ ಊರಿನಲ್ಲಿ ಹುಟ್ಟಿ, ನ್ಯಾಯಾಧಿಪತಿಯಾಗಿ, ಮಹಾಕ್ರಾಂತಿಯ ಕಾಲದಲ್ಲಿ ಪ್ರಾಣಭಯದಿಂದ ಅಮೆರಿಕೆಗೆ ಓಡಿ, ಅಲ್ಲಿ ಪಿಟೀಲು ಬಾರಿಸಿಯೂ ಫ್ರೆಂಚ್ ಪಾಠ ಹೇಳಿಯೂ ಜೀವಿಸಿ, ಮರಳಿ ಬಂದು ಮತ್ತೆ ನ್ಯಾಯಪೀಠವನ್ನೇರಿದವನು. ೧೮೨೫ರ ಕೊನೆಯಲ್ಲಿ ‘ರುಚಿಯ ಶಾರೀರಶಾಸ್ತ್ರ’ ಎಂಬರ್ಥದ ಗ್ರಂಥವನ್ನು ಪ್ರಕಟಿಸಿ, ಕೆಲವೇ ವಾರಗಳಲ್ಲಿ ತೀರಿಕೊಂಡನು. ಅದರಲ್ಲಿ ರುಚಿಜ್ಞಾನವು ದಾಂಪತ್ಯಸುಖಕ್ಕೆ ಹೇಗೆ ಸಾಧಕವಾಗುತ್ತದೆಂಬುದನ್ನು ವಿವರಿಸಿದ್ದಾನೆ. ಗಂಡಹೆಂಡಿರಿಬ್ಬರಿಗೂ ಊಟದಲ್ಲಿ ಆಸಕ್ತಿಯಿದ್ದರೆ ದಿನಕ್ಕೊಮ್ಮೆಯಾದರೂ ಒಂದೆಡೆ ಕೂಡಲು ಅವರಿಗೆ ಹಿತವಾದ ಕಾರಣವೊಂದು ಇರುತ್ತದೆ, ಮಾತನಾಡಲು ಎಂದೂ ಬತ್ತದ ವಿಷಯವೊಂದು ಇರುತ್ತದೆ ಎಂಬುದು ಆತನ ವಾದದ ತಾತ್ಪರ್ಯ. ಇದನ್ನು ಬರೆದ ಮಹಾಶಯನು ಜನ್ಮವೆಲ್ಲ ಅವಿವಾಹಿತನಾಗಿದ್ದನೆಂಬುದನ್ನು ತಿಳಿದು ವಾಚಕರು ನಗಬಹುದು. ನಗಬೇಕಾದುದಿಲ್ಲ. ನಮ್ಮಲ್ಲಿಯೂ ಗೃಹಸ್ಥಧರ್ಮವನ್ನು ಸಾಂಗವಾಗಿ ಬೋಧಿಸಿದ ಸಂನ್ಯಾಸಿಗಳು ಕಡಮೆಯಿಲ್ಲ. ದಡದಲ್ಲಿರುವವನಿಗೆ ಹೊಳೆಯ ಸುಳಿಗಳು ಚೆನ್ನಾಗಿ ಕಾಣುತ್ತವೆ.

ಆತನ ಮಾತು ನಮಗೆ ಹೊಸದೂ ಅಲ್ಲ. ಸಪ್ತಪದಿಯಲ್ಲಿ ವಧೂವರರು ಇಡುವ ಏಳು ಹೆಜ್ಜೆಗಳಲ್ಲಿ ಮೊದಲನೆಯದು ಅನ್ನಕ್ಕಾಗಿ, ಬಲ, ಸಂಪತ್ತು, ಸುಖ, ಸಂತಾನ, ಋತುಗಳೆಲ್ಲ ಆಮೇಲೆ, ಏಳನೆಯದು ಸಖ್ಯಕ್ಕಾಗಿ. ಅನ್ನದಿಂದ ಹೊರಟು ಸಖ್ಯವನ್ನು ಮುಟ್ಟುವುದೇ ದಾಂಪತ್ಯದ ಪ್ರಯಾಣವೆಂದು ನಮ್ಮ ಋಷಿಗಳು ಎಣಿಸಿದ್ದರೆಂದು ತೋರುತ್ತದೆ.

ಫ್ರಾನ್ಸಿನಲ್ಲಿ ಮದುವೆಯು ಆಗುವುದು ಪುರಭವನದಲ್ಲಿ, ಊರಿನ ಮೇಯರನ ಎದುರಿಗೆ. ೧೭೯೨ರಿಂದಲೂ ಹೀಗೆಯೇ, ಇಗರ್ಜಿಯ ವಿಧಿಗಳೇನಿದ್ದರೂ ಅದರ ಅನಂತರ. ಎದೆಗೆ ಅಡ್ಡಲಾಗಿ ಮೂರು ಬಣ್ಣದ ಪಟ್ಟಿಯನ್ನು ಧರಿಸಿದ ಮೇಯರನು, ಆಕ್ಷೇಪಣೆಯಿದ್ದವರು ಬರಬಹುದೆಂಬ ಅರ್ಥದಲ್ಲಿ ಬಾಗಿಲನ್ನು ತೆರೆದಿಟ್ಟು, ನ್ಯಾಯಸಂಹಿತೆಯ ಕೆಲವು ವಿಧಿಗಳನ್ನು ಓದಿ ಹೇಳುತ್ತಾನೆ. ಕೊನೆಯಲ್ಲಿ ಒಂದು ಪುಸ್ತಿಕೆಯನ್ನು ದಂಪತಿಗಳ ಕೈಗೆ ಕೊಡುತ್ತಾನೆ. ಅದರಲ್ಲಿ ಮುಂದೆ ಹುಟ್ಟುವ ಮಕ್ಕಳ ವಿವರಕ್ಕಾಗಿ ಪುಟಗಳನ್ನು ಬಿಟ್ಟಿರುತ್ತಾರೆ. ಸರ್ಕಾರವು ಆಶೀರ್ವಾದ ಮಾಡುವ ಕ್ರಮವೇ ಬೇರೆ! ಆದರೆ ನನ್ನ ಮನಸ್ಸನ್ನು ಹಿಡಿದುದು ಓದಿ ಹೇಳಿದ ವಿಧಿಗಳ ಚರಿತ್ರೆ. ೧೮೦೪ರ ಸಂಹಿತೆಯಲ್ಲಿ ಪತಿಯು ಪತ್ನಿಗೆ ರಕ್ಷಣೆಯನ್ನೂ, ಪತ್ನಿಯು ಪತಿಗೆ ವಿಧೇಯತೆಯನ್ನೂ ಸಲ್ಲಿಸತಕ್ಕದ್ದೆಂದು ಇತ್ತು. ೧೯೩೮ರಲ್ಲಿ ಆ ವಿಧೇಯತೆಯನ್ನು ತೆಗೆದುಹಾಕಿದರು. ಪತಿಯ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಸ್ವಂತ ಲೆಕ್ಕವನ್ನು ತೆರೆಯುವ, ಉದ್ಯೋಗವನ್ನು ಕೈಕೊಳ್ಳುವ ಸ್ವಾತಂತ್ರ್ಯವು ಪತ್ನಿಗೆ ೧೯೬೫ರ ಕಾನೂನಿನಿಂದ ಬಂದಿತು. ಪರಸ್ಪರ ನಿಷ್ಠೆ, ನೆರವು, ಸಹಾಯ ಎಂಬವುಗಳ ಮುಂದೆ ‘ಗೌರವ’ವೆಂಬ ಪದವನ್ನು ೨೦೦೬ರಲ್ಲಿ ಸೇರಿಸಿದರು. ವಿಧೇಯತೆಯು ಹೋಗಿ ಗೌರವವು ಬರುವುದಕ್ಕೆ ಅರುವತ್ತೆಂಟು ವರ್ಷಗಳು ಹಿಡಿದವು. ಈ ಎರಡು ಪದಗಳ ನಡುವೆಯೇ ನನ್ನ ಪ್ರಶ್ನೆಯ ಉತ್ತರವು ಅಡಗಿರುವಂತೆ ತೋರುತ್ತದೆ. ವಿಧೇಯತೆಯು ಎದುರಿಗಿರುವವರಿಂದ ಎಲ್ಲವನ್ನೂ ಕೇಳುತ್ತದೆ. ಗೌರವವು ಅವರು ತಮ್ಮದೆಂದು ಕೊಂಚವನ್ನು ಉಳಿಸಿಕೊಳ್ಳಲು ಬಿಡುತ್ತದೆ.

ಪ್ಯಾರಿಸಿನಲ್ಲಿ ಸೇನ್ ನದಿಯ ಮೇಲೆ ಪಾಂ ದೆಜಾರ್ ಎಂಬ ಕಾಲುಸೇತುವೆಯಿದೆ. ಪ್ರಣಯಿಗಳು ಅದರ ಕಟಾಂಜನಕ್ಕೆ ತಮ್ಮ ಹೆಸರು ಬರೆದ ಬೀಗವನ್ನು ಹಾಕಿ, ಬೀಗದ ಕೈಯನ್ನು ಹೊಳೆಗೆ ಎಸೆಯುತ್ತಿದ್ದರು. ೨೦೧೪ರಲ್ಲಿ ಕಟಾಂಜನದ ಒಂದು ಭಾಗವು ಈ ಪ್ರೇಮಭಾರವನ್ನು ತಾಳದೆ ಮುರಿದುಬಿದ್ದಿತು. ಮರುವರ್ಷ ನಗರದವರು ಸುಮಾರು ೪೫ ಟನ್ನು ಬೀಗಗಳನ್ನು ಕಿತ್ತು ಸಾಗಿಸಿದರು. ಬೀಗ ಹಾಕಿ ಕೈಯನ್ನು ಹೊಳೆಗೆಸೆಯುವುದು ಸಾಹಸವಿರಬಹುದು, ದಾಂಪತ್ಯವಲ್ಲ. ದಾಂಪತ್ಯದಲ್ಲಿ ಬೀಗದ ಕೈ ಇಬ್ಬರ ಬಳಿಯಲ್ಲಿಯೂ ಇರಬೇಕು, ಇದ್ದರೂ ಬೀಗವು ಉಳಿಯಬೇಕು.

ಇನ್ನು ಪ್ರಯಾಣ. ಊಟ, ಮದುವೆ, ಪ್ರಯಾಣಗಳನ್ನು ಮೂರನ್ನೂ ಒಂದೇ ಪ್ರಬಂಧದಲ್ಲಿ ವಿಚಾರಿಸಿದ ಫ್ರೆಂಚನು ಮೊಂಟೇನ್. ಬೋರ್ದೋ ನಗರದ ಆಚೆ ತನ್ನ ಮನೆಯ ಗೋಪುರದಲ್ಲಿ, ತೊಲೆಗಳ ಮೇಲೆಲ್ಲ ಗ್ರೀಕ್ ಲ್ಯಾಟಿನ್ ವಾಕ್ಯಗಳನ್ನು ಬರೆಸಿಕೊಂಡು ಗ್ರಂಥಗಳ ನಡುವೆ ಕುಳಿತಿದ್ದ ಈತನು ೧೫೮೦ರಲ್ಲಿ ಹೊರಟು, ಜರ್ಮನಿ ಸ್ವಿಟ್ಜರ್ಲೆಂಡುಗಳ ಮಾರ್ಗವಾಗಿ ಇಟಲಿಗೆ ಹೋಗಿ, ಹದಿನೇಳು ತಿಂಗಳಾದ ಮೇಲೆ ಮನೆಗೆ ಬಂದನು. ತನ್ನ ದೇಶದವರು ಹೊರನಾಡಿಗೆ ಹೋದಾಗ ಅಲ್ಲಿಯೂ ತಮ್ಮವರನ್ನೇ ಹುಡುಕಿಕೊಂಡು, ಕಂಡ ಆಚಾರವನ್ನೆಲ್ಲ ಅನಾಗರಿಕವೆಂದು ಹಳಿಯುವುದನ್ನು ನೋಡಿ ಆತನಿಗೆ ನಾಚಿಕೆಯಾಗುತ್ತಿತ್ತು. ತಾನಾದರೋ ಪರದೇಶದವರು ಕಿಕ್ಕಿರಿದ ಮೇಜನ್ನೇ ಹುಡುಕಿಕೊಂಡು ಹೋಗಿ ಕುಳಿತುಕೊಳ್ಳುತ್ತಿದ್ದನಂತೆ. ಇದು ಪಯಣಿಗರೆಲ್ಲರೂ ನೆನಪಿಡತಕ್ಕ ಮಾತು. ಆದರೆ ಅದೇ ಪ್ರಬಂಧದಲ್ಲಿ, ಸದಾ ಒಟ್ಟಿಗಿರುವುದಕ್ಕಿಂತ ಆಗಾಗ ಅಗಲಿ ಕೂಡುವುದರಿಂದ ದಾಂಪತ್ಯದ ಸವಿ ಹೆಚ್ಚುತ್ತದೆಂದೂ ಆತನು ವಾದಿಸುತ್ತಾನೆ. ಇದನ್ನು ನಮ್ಮ ಮನೆಯವರಿಗೆ ತಿಳಿಸಿದಾಗ ಅವರು, “ಹದಿನೇಳು ತಿಂಗಳು ಊರು ಸುತ್ತಿ ಬಂದೋರಿಗೆ ವಿರಹ ಚೆನ್ನಾಗೇ ಇರತ್ತೆ. ಮನೇಲಿ ಲೆಕ್ಕ ನೋಡ್ಕೊಂಡು ಕೂತಿದ್ದ ಆಕೇನ ಯಾರಾದ್ರೂ ಕೇಳಿದ್ರಾ?” ಎಂದರು. ಆ ಪ್ರಬಂಧದಲ್ಲಿ ಆಕೆಯ ಮಾತಿಗೆ ಸ್ಥಳವಿಲ್ಲ.

ಪರರ ಪಂಕ್ತಿಯಲ್ಲಿ ಕುಳಿತ ಕಷ್ಟವು ನಮಗೆ ಮಾತ್ರ ಬಂದುದಲ್ಲ. ೧೭೮೮ರಲ್ಲಿ ಮೈಸೂರಿನ ಟೀಪೂ ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ, ಆಗಸ್ಟ್ ೧೦ರಂದು ವರ್ಸಾಯ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರಲ್ಲೊಬ್ಬರಾದ ಮುಹಮ್ಮದ್ ದರ್ವೇಶ್ ಖಾನರ ಭಾವಚಿತ್ರವನ್ನು ವಿಜೇ ಲೆ ಬ್ರೂನ್ ಎಂಬ ಪ್ರಸಿದ್ಧ ಚಿತ್ರಗಾರ್ತಿಯು ಬರೆದಳು. ರಾಯಭಾರಿಗಳು ಆಕೆಯನ್ನು ಊಟಕ್ಕೆ ಕರೆದರು. ನೆಲದ ಮೇಲೆ ಕುಳಿತು, ಕೈಯಿಂದಲೇ ಬಡಿಸಿದ ಮಸಾಲೆಯ ಪದಾರ್ಥಗಳನ್ನು ತಿಂದುದು ಆಕೆಗೆ ಹಿತವಾಗಲಿಲ್ಲವೆಂದು ಆಕೆಯ ಆತ್ಮವೃತ್ತಾಂತದಿಂದ ತಿಳಿದುಬರುತ್ತದೆ. ಆದರೂ ಆಕೆ ಕುಳಿತಳು, ಉಂಡಳು. ಮೈಸೂರಿನವರ ಪಂಕ್ತಿಯಲ್ಲಿ ಪ್ಯಾರಿಸಿನ ಹೆಂಗಸೊಬ್ಬಳು ಪಟ್ಟ ಸಂಕೋಚವನ್ನು ಪ್ಯಾರಿಸಿನವರ ಪಂಕ್ತಿಯಲ್ಲಿ ಮೈಸೂರಿನವರು ತೀರಿಸಬೇಕಾದುದು ನ್ಯಾಯವೇ ಅಲ್ಲವೆ?

ಈಗ ಬೀಗರ ಮನೆಯ ಮೇಜಿಗೆ ಬರೋಣ. ಲಿಯೋನ್ ಪ್ರಾಂತವು ಫ್ರಾನ್ಸಿನಲ್ಲಿಯೂ ಊಟಕ್ಕೆ ಹೆಸರಾದುದು. ಆ ಹೆಸರಿನ ಬಹುಭಾಗವು ಹಂದಿಗೂ ಕೋಳಿಗೂ ಸಲ್ಲತಕ್ಕದ್ದು. ಗಿಣ್ಣಿನಲ್ಲಿಯೂ ನನಗೆ ಆಸರೆಯಿರಲಿಲ್ಲ. ಏಕೆಂದರೆ ಅಲ್ಲಿ ಹಾಲನ್ನು ಒಡೆಯಿಸುವುದಕ್ಕೆ ಎಳೆಗರುವಿನ ಜಠರದಿಂದ ತೆಗೆದ ದ್ರವ್ಯವನ್ನು ಬಳಸುವುದೇ ರೂಢಿ. ಮದುವೆಯ ಹಿಂದಿನ ದಿನ ಬೀಗಿತ್ತಿಯವರು, ಮಗಳ ಮುಖಾಂತರ, ನಮ್ಮ ಊಟದ ವಿಷಯವನ್ನು ಕೇಳಿದರು. ಅಹಿಂಸೆಯ ಸ್ವರೂಪವನ್ನು ಕುರಿತು ನಾನು ಪೀಠಿಕೆಯನ್ನು ಹೊಂದಿಸುತ್ತಿದ್ದಂತೆಯೇ ನಮ್ಮ ಮನೆಯವರು ಮಗಳಿಗೆ, “ಬೇಳೆ, ಗಡ್ಡೆ, ಬೆಣ್ಣೆ, ರೊಟ್ಟಿ — ಇಷ್ಟಿದ್ರೆ ನಮಗೆ ಹಬ್ಬ ಅಂತ ಹೇಳಮ್ಮ” ಎಂದರು. ತರುವಾಯ ನನ್ನ ಕಡೆ ತಿರುಗಿ, “ಅವರು ಕೇಳಿದ್ದು ಯಾಕೆ ತಿನ್ನಲ್ಲಾಂತ ಅಲ್ಲ, ಏನು ತಿಂದ್ರೆ ಸಂತೋಷಾಂತ” ಎಂದರು. ಮೀಮಾಂಸಕರು ವಿಧಿನಿಷೇಧಗಳ ಭೇದವನ್ನು ಇದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಆ ರಾತ್ರಿ ಲ ಪ್ವೀ ಪ್ರಾಂತದ ಹಸುರು ಬೇಳೆಯು ಮೇಜಿಗೆ ಬಂದಿತು. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಯುವ ಈ ಧಾನ್ಯಕ್ಕೆ ೧೯೯೬ರಿಂದಲೂ ಸರ್ಕಾರದ ಮುದ್ರೆಯಿದೆ. ಅದನ್ನು ಆ ಜನರು ಹಂದಿಯ ಮಾಂಸದೊಡನೆ ಬೇಯಿಸುವುದು ವಾಡಿಕೆ. ನಮಗಾಗಿ ಒಂದು ಸಣ್ಣ ಪಾತ್ರೆಯನ್ನು ಬೇರೆ ಇಟ್ಟಿದ್ದರೆ ಸಾಕಾಗಿತ್ತು. ಬೀಗಿತ್ತಿಯವರು ಹಾಗೆ ಮಾಡದೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ, ಮಾಂಸವಿಲ್ಲದೆ, ಗಜ್ಜರಿ ಈರುಳ್ಳಿಗಳನ್ನು ಹಾಕಿ ಬೇಯಿಸಿದ್ದರು. ಹಾಲು ಕೆನೆಗಳಲ್ಲಿ ಬೆಂದ ಆಲೂಗಡ್ಡೆಯೂ ಇದ್ದಿತು. ವರನ ಅಜ್ಜನು ಪಾತ್ರೆಯೊಳಗೆ ಸೌಟನ್ನು ಆಡಿಸಿ ನೋಡಿ, “ಇಂದು ಶುಕ್ರವಾರವೇನು?” ಎಂದು ಕೇಳಿದನು. ಎಲ್ಲರೂ ನಕ್ಕರು. ಕ್ಯಾಥೋಲಿಕರಲ್ಲಿ ಶುಕ್ರವಾರ ಮಾಂಸವನ್ನು ಬಿಡುವ, ಈಸ್ಟರಿಗೆ ಮುಂಚೆ ನಲವತ್ತು ದಿನ ವ್ರತವನ್ನು ಹಿಡಿಯುವ ಆಚಾರವುಂಟಷ್ಟೆ. ತನ್ನ ಬಾಲ್ಯದಲ್ಲಿ ತಾಯಿಯು ಆ ದಿನಗಳಲ್ಲಿ ಏನೇನು ಮಾಡುತ್ತಿದ್ದಳೆಂಬುದನ್ನು ಅಜ್ಜನು ಒಂದು ಗಂಟೆಯ ಕಾಲ ಹೇಳಿದನು. ಏಕಾದಶಿಯ ದಿನ ಏನೇನು ಮಾಡುತ್ತೇವೆಂಬುದನ್ನು ನಮ್ಮ ಮನೆಯವರು ಒಂದೂವರೆ ಗಂಟೆಯ ಕಾಲ ಹೇಳಿದರು. ಉಪವಾಸವನ್ನು ಕುರಿತ ಮಾತಿನಲ್ಲಿ ಅಷ್ಟು ಬೇಳೆಯು ಖರ್ಚಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಆತಿಥೇಯರು ಅಷ್ಟು ಬಿಟ್ಟುಕೊಟ್ಟ ಮೇಲೆ ಅತಿಥಿಯೂ ತನ್ನ ನಿಯಮವನ್ನು ಒಂದು ರಾತ್ರಿಯ ಮಟ್ಟಿಗೆ ಸಡಿಲಿಸಬಾರದೆ ಎಂಬುದು ಮೊದಲನೆಯದು. ಸಡಿಲಿಸಬಾರದೆಂದೇ ನನ್ನ ಅಭಿಪ್ರಾಯ. ಅತಿಥಿಯು ಒಳಗೊಳಗೇ ನೊಂದು ನಗುನಗುತ್ತ ಉಂಡನೆಂದು ತಿಳಿದರೆ ಬಡಿಸಿದವರಿಗೆ ಅದು ಸಂತೋಷವಾಗಲಾರದು. ದಾಕ್ಷಿಣ್ಯಕ್ಕಾಗಿ ಬಿಟ್ಟ ವ್ರತವು ಆತಿಥೇಯರ ತಲೆಯ ಮೇಲೆ ಸಾಲವಾಗಿ ಉಳಿಯುತ್ತದೆ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ಅಹಿಂಸೆಯು ಬರಿಯ ಕುಲಾಚಾರವಲ್ಲದೆ ಸತ್ಯವೆಂದು ನಂಬುವವನು, ಮದುವೆಯ ದಿನ ಪಕ್ಕದವನ ತಟ್ಟೆಗೆ ಮಾಂಸವು ಬಂದಾಗ ಸುಮ್ಮನಿರುವುದು ಸರಿಯೆ? ಅದು ಒಪ್ಪಿಗೆಯೇ ಆಗಲಿಲ್ಲವೆ? ಈ ಮಾತನ್ನು ನಾನು ಅನೇಕ ದಿನ ಯೋಚಿಸಿದ್ದೇನೆ. ಲಿಯೋನ್ ನಗರವು ಊಟಕ್ಕೆ ಹೇಗೋ ಹಾಗೆ ರೇಷ್ಮೆಗೂ ಪ್ರಸಿದ್ಧವಾದುದು. ೧೫೩೬ರಲ್ಲಿ ಮೊದಲನೆಯ ಫ್ರಾನ್ಸ್ವಾ ದೊರೆಯು ಆ ನೇಯ್ಗೆಗೆ ಸನ್ನದನ್ನು ಕೊಟ್ಟನು. ಜಕಾರ್ಡ್ ಮಗ್ಗವನ್ನು ನಿರ್ಮಿಸಿದ ಜಕಾರನು ಆ ಊರಿನವನೇ. ಮದುವೆಯ ದಿನ ನಾನು ಉಟ್ಟಿದ್ದುದು ನಮ್ಮ ನಾಡಿನ ರೇಷ್ಮೆಯ ಮಡಿಪಂಚೆ. ಅದರ ಅಂಚನ್ನು ಬೀಗರು ಬೆರಳಿನಿಂದ ಮುಟ್ಟಿ ನೋಡಿ, ಬಲ್ಲವರಂತೆ ತಲೆದೂಗಿದರು. ಒಂದು ಪಂಚೆಗೆ ಬೇಕಾಗುವ ನೂಲಿಗಾಗಿ ಗೂಡಿನೊಳಗೇ ಬೆಂದುಹೋಗುವ ಹುಳುಗಳು ಸಾವಿರಾರು. ಲಿಯೋನಿನ ರೇಷ್ಮೆಗೂ ನಮ್ಮ ರೇಷ್ಮೆಗೂ ಈ ವಿಷಯದಲ್ಲಿ ಭೇದವಿಲ್ಲ. ರೇಷ್ಮೆಯನ್ನುಟ್ಟು ಪಕ್ಕದವನಿಗೆ ಅಹಿಂಸೆಯನ್ನು ಬೋಧಿಸುವ ಅಧಿಕಾರವು ಯಾರಿಗಿದೆ? ಹಾಗೆಂದು ಅಹಿಂಸೆಯು ಸುಳ್ಳಾಗುವುದಿಲ್ಲ. ಅದು ನಾವೆಲ್ಲರೂ ಸ್ವಲ್ಪ ಸ್ವಲ್ಪವಾಗಿ ಹತ್ತಬೇಕಾದ ಬೆಟ್ಟ. ಒಂದು ಮೆಟ್ಟಿಲು ಮೇಲೆ ನಿಂತವನು ಕೆಳಗಿನವನನ್ನು ಬಯ್ಯುತ್ತ ನಿಂತರೆ ತಾನು ಮುಂದಿನ ಮೆಟ್ಟಿಲನ್ನು ಹತ್ತುವುದು ಯಾವಾಗ?

ಆದಕಾರಣ ವ್ರತಕ್ಕೂ ಜುಗುಪ್ಸೆಗೂ ಇರುವ ಭೇದವನ್ನು ನಾವು ಚೆನ್ನಾಗಿ ತಿಳಿಯಬೇಕು. ವ್ರತವು ತನ್ನ ಎಲೆಯನ್ನು ನೋಡಿಕೊಳ್ಳುತ್ತದೆ; ಜುಗುಪ್ಸೆಯು ಪಕ್ಕದ ಎಲೆಯನ್ನು ನೋಡುತ್ತದೆ. ಮೊದಲನೆಯದನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು. ಅದಕ್ಕೆ ಬೀಗರ ಮನೆಯಲ್ಲಿಯೂ ಗೌರವವು ದೊರೆಯುತ್ತದೆ. ಎರಡನೆಯದನ್ನು ಹೊತ್ತುಕೊಂಡು ಹೋದವನಿಗೆ ಸ್ವಂತ ಊರಿನ ಪಂಕ್ತಿಯೂ ಕಿರಿದಾಗುತ್ತದೆ. ಕೈಗೆ, ಬಾಯಿಗೆ, ಮನಸ್ಸಿಗೆ ಸೇರಿದ ನಿಯಮವನ್ನು ನಮ್ಮದಾಗಿ ಉಳಿಸಿಕೊಳ್ಳಬೇಕು. ಹೊತ್ತನ್ನು, ಮಾತನ್ನು, ಆದರವನ್ನು ಧಾರಾಳವಾಗಿ ಬಿಟ್ಟುಕೊಡಬೇಕು. ಊಟಕ್ಕೆ ಹೇಗೋ ಮದುವೆಗೂ ಹಾಗೆಯೇ. ವಿಧೇಯತೆಯ ಸ್ಥಾನದಲ್ಲಿ ಗೌರವವು ನಿಂತಾಗ ಇಬ್ಬರೂ ಏನನ್ನೋ ಉಳಿಸಿಕೊಂಡೇ ಒಂದಾಗಬಹುದು.

ಮದುವೆಗೆ ಬಂದವರಿಗೆಲ್ಲ ಫ್ರೆಂಚರು ಸಕ್ಕರೆಯ ಕವಚವುಳ್ಳ ಐದು ಬಾದಾಮಿಗಳನ್ನು ಕೊಡುವ ಪದ್ಧತಿಯಿದೆ. ಆರೋಗ್ಯ, ಸಂಪತ್ತು, ಸುಖ, ಸಂತಾನ, ದೀರ್ಘಾಯುಸ್ಸು ಎಂದು ಅವುಗಳಿಗೆ ಅರ್ಥ. ನಮ್ಮ ಏಳು ಹೆಜ್ಜೆಗಳಲ್ಲಿ ಮೂರು ನಾಲ್ಕು ಅದರಲ್ಲಿಯೇ ಬಂದುವು. ಅನ್ನವೂ ಸಖ್ಯವೂ ಬಿಟ್ಟುಹೋದುವಲ್ಲಾ ಎಂದು ನಾನು ಮಗಳೊಡನೆ ಹೇಳಿದೆನು. ಬಿಟ್ಟುಹೋಗಿಲ್ಲವೆಂದು ಅವಳು ತೋರಿಸಿಕೊಟ್ಟಳು. ಫ್ರೆಂಚಿನಲ್ಲಿ ಗೆಳೆಯನಿಗೆ ‘ಕೊಪೇನ್’ ಎನ್ನುತ್ತಾರೆ. ಲ್ಯಾಟಿನ್ ಮೂಲದಿಂದ ಬಂದ ಆ ಮಾತಿಗೆ ಒಟ್ಟಿಗೆ ರೊಟ್ಟಿಯನ್ನು ತಿನ್ನುವವನೆಂದು ಅರ್ಥವಂತೆ. ನಾವು ಏಳು ಹೆಜ್ಜೆಗಳಲ್ಲಿ ನಡೆಯುವ ದಾರಿಯನ್ನು ಅವರು ಒಂದು ಪದದಲ್ಲಿ ಮುಗಿಸಿದ್ದಾರೆ. ನಮ್ಮ ಅಮರಕೋಶದಲ್ಲಿಯೂ ಸಹಭೋಜನಕ್ಕೆ ‘ಸಗ್ಧಿ’ ಎಂಬ ಪದವಿದೆ. ಹುಡುಗರಿ೦ದ ಅದನ್ನು ಬಾಯಿಪಾಠ ಮಾಡಿಸಿದ ಎಷ್ಟೋ ವರ್ಷಗಳ ಮೇಲೆ ಅದರ ಪ್ರಯೋಗವನ್ನು ಕಾಣುವ ಯೋಗವು ಬಂದಿತು.

ಇಂದು ನಮ್ಮ ಜಿಲ್ಲೆಯ ಅನೇಕ ಮನೆಗಳ ಮಕ್ಕಳು ದೂರದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಅಲ್ಲಿಯೇ ಸಂಬಂಧಗಳನ್ನು ಬೆಳಸುತ್ತಾರೆ. ತಂದೆತಾಯಿಗಳು ಎಂದಾದರೊಂದು ದಿನ ಅಪರಿಚಿತವಾದ ಮೇಜಿನ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಅವರಿಗೆ ನಾನು ಹೇಳಬಹುದಾದುದು ಸ್ವಲ್ಪವೇ. ನಿಮ್ಮ ನಿಯಮವನ್ನು ನೀವು ಬಿಡಬೇಡಿರಿ. ಆದರೆ ಏನು ಬೇಡವೆಂಬುದನ್ನು ಹೇಳುವುದಕ್ಕೆ ಮುಂಚೆ ಏನು ಬೇಕೆಂಬುದನ್ನು ಹೇಳಿರಿ. ಹೊಟ್ಟೆಗೆ ಬೇಕಾದುದು ರೊಟ್ಟಿಯೋ ಬೇಳೆಯೋ ದೊರೆತೇ ದೊರೆಯುತ್ತದೆ. ಬಡಿಸಿದವರ ಮುಖವನ್ನು ನೋಡಿಕೊಂಡು, ಅವರು ಏಳುವವರೆಗೆ ನೀವೂ ಕುಳಿತಿರಿ.